ಕಂತಿನಲ್ಲಿ ಬಂದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಷ್ಟು ಆರೋಗ್ಯವಂತ ರೋಗಿಯನ್ನು ಆಗಿನ ಮೈಸೂರು ರಾಜ್ಯದ ಯಾವ ಆಸ್ಪತ್ರೆಯೂ ಕಂಡಿರಲಾರದು! ಒಂದೇ ಬೇಸಿಗೆಯಲ್ಲಿ ಮೂರು ಊರುಗಳ ಮೂರು ಆಸ್ಪತ್ರೆಗಳಲ್ಲಿ ಹೊಟ್ಟೆನೋವೆಂದು ಮಲಗಿ ಎದ್ದು ಬಂದ ಮಹಾನುಭಾವ ಅವನು. ಮೂರು ಸಲವೂ ಆ ಹೊಟ್ಟೆಯಲ್ಲಿ ಇದ್ದದ್ದು ರಾಗಿಮುದ್ದೆ ಮಾತ್ರ.

ಇದಕ್ಕೆಲ್ಲ ಕಾರಣ ನಾನು. ಅರವತ್ತರ ದಶಕದ ಮಾತು. ಎಸ್ಸೆಸ್ಸೆಲ್ಸಿ ಪಾಸಾಗಿ, ಕಲಿತರೆ ನರ್ಸ್ ಕೆಲಸವನ್ನೇ ಕಲಿಯುವುದು ಎಂದು ಹಟ ಹಿಡಿದು ಕೂತಿದ್ದೆ. ನಮ್ಮೂರು ಯಳಂದೂರಿನ ಹತ್ತಿರದ ಅಗರ. ಅಪ್ಪ ಬಿಳಿಗಿರಿರಂಗನ ಬೆಟ್ಟದಲ್ಲಿ ಫಾರೆಸ್ಟ್ ಗಾರ್ಡು. ಆನೆ ಎಣಿಸುವ ಗಡಿಬಿಡಿಯಲ್ಲಿ ಮಕ್ಕಳನ್ನು ಎಣಿಸಲು ಅವರಿಗೆ ಪುರಸೊತ್ತಿರಲಿಲ್ಲ. ಹಾಗಾಗಿ ನನ್ನ ಸ್ಲೇಟು, ಪುಸ್ತಕ, ಚಪ್ಪಲಿ, ಜ್ವರ ಎಲ್ಲವೂ ಅಪ್ಪನ ತಮ್ಮನ ಪಾಲಿಗೆ ಬಂದಿದ್ದವು. ಮದುವೆಯಾಗದ ಈ ಚಿಕ್ಕಪ್ಪನಿಗೆ ಇದ್ದದ್ದು ಒಂದು ಹಿಪ್ಪುನೇರಳೆ ತೋಟ, ರೇಷ್ಮೆಹುಳುವಿನ ಒಂದು ಮನೆ, ಒಂದು ಜೊತೆ ಎತ್ತು ಮತ್ತು ನಾನು.

"ನರ್ಸ್ ಕೆಲ್ಸ ಎಲ್ಲಿ ಚೆಂದಾಗಿ ಕಲುಸ್ತಾರೆ?" ಎಂದು ಅವನು ಊರಿನ ಮೇಷ್ಟರನ್ನು ಕೇಳಿದ. ಮೇಷ್ಟರು ಅರ್ಜಿ ತರಿಸಿ ನೋಡೋಣ ಎಂದರು.

"ಅರ್ಜಿಲಿ ಏನ್ ಗೊತ್ತಾದದು ಸಾ? ಮಲಿಕಂಡು ನೋಡ್ಬೇಕು!"

ಅವನ ವಾದ ಸರಳ. ಶಾಲೆ ಹೇಗಿದೆ ಎಂದು ತಿಳಿಯಬೇಕಾದರೆ ಅಲ್ಲಿ ಕಲಿತವರ ಕೈಗೆ ಸಿಕ್ಕಿ ನೋಡಬೇಕು. ಮೊದಲು ಹನೂರಿಗೆ ಹೋದ. ಅಲ್ಲಿನ ಪುಟ್ಟ ಆಸ್ಪತ್ರೆಯಲ್ಲಿ ಎರಡು ದಿನ ನರಳಿದ. ಅಲ್ಲಿ ನರ್ಸಿಂಗ್ ಕಲಿಸುವುದೇ ಇಲ್ಲ ಎಂಬುದು ಗೊತ್ತಾದದ್ದು ಮೂರನೆಯ ದಿನ! "ಮೊದ್ಲೇ ಕೇಳಬಾರದಿತ್ತಾ?" ಎಂದರೆ, "ರೋಗಿ ಬಂದು ಸ್ಕೂಲ್ ಅದಾ ಅಂತ ಕೇಳಿದ್ರ ಅನುಮಾನ ಬರಾಕಿಲ್ವಾ?" ಎಂದು ನನಗೇ ಗದರಿದ.

ಆಮೇಲೆ ಮೈಸೂರು. ಅಲ್ಲಿ ಅವನ ನರಳಾಟ ಎಷ್ಟು ಚೆನ್ನಾಗಿತ್ತೆಂದರೆ ಡಾಕ್ಟರು ಆಪರೇಷನ್ ಆಗಬೇಕೆಂದು ಬೆಳಗಿನ ಊಟ ನಿಲ್ಲಿಸಿಬಿಟ್ಟರು. ಕತ್ತಿಗಿಂತ ಉಪವಾಸಕ್ಕೆ ಹೆದರಿ, ಆಸ್ಪತ್ರೆಯ ಪಟ್ಟಿಪಟ್ಟಿ ಅಂಗಿಯಲ್ಲೇ ಬಸ್ಸು ಹತ್ತಿ ಊರಿಗೆ ಬಂದ. ಆ ಅಂಗಿ ಹಾಕಿಕೊಂಡೇ ಊರಿನ ನಡುಬೀದಿಯಲ್ಲಿ ಇಳಿದ. ನಾನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕೊನೆಗೆ ಕೊಳ್ಳೇಗಾಲ. ಅಲ್ಲೊಂದು ಆಸ್ಪತ್ರೆ, ಹೆಸರು ಬೇಡ, ಅದರ ಜೊತೆಗೇ ಎರಡು ವರ್ಷದ ನರ್ಸಿಂಗ್ ಶಾಲೆ. ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು "ಅಯ್ಯಪ್ಪೋ" ಎಂದು ಶುರುಮಾಡಿದನಂತೆ. ವಯಸ್ಸಾದ ಸಿಸ್ಟರ್ ಒಬ್ಬರು ಬಂದು, ನಾಡಿ ಹಿಡಿದು, ನಾಲಿಗೆ ನೋಡಿ, ಹೊಟ್ಟೆಗೆ ಒಂದು ಬೆರಳು ಒತ್ತಿ, "ನಿಮಗೇನೂ ಆಗಿಲ್ಲ. ಎದ್ದು ಹೋಗಿ, ಮಂಚ ಬೇರೆಯವರಿಗೆ ಬೇಕು" ಎಂದರಂತೆ. ಚಿಕ್ಕಪ್ಪ ಕುಣಿಯುತ್ತಾ ಬಂದ.

"ಸಿಕ್ತು ಕಣವ್ವ! ಎರಡೇ ನಿಮಿಷಕ್ಕ ನನ್ನ ಕಳ್ಳಾಟವ ಕಂಡಿಡುದ್ಬುಟ್ರು. ನೀ ಅಲ್ಲೇ ಕಲೀಬೇಕು!"

ಹೀಗೆ ನನ್ನ ಶಾಲೆ ಆಯ್ಕೆಯಾಯಿತು. ಸೇರಿಸುವ ದಿನ ಚಿಕ್ಕಪ್ಪ ರೇಷ್ಮೆಗೂಡು ಮಾರಿದ ದುಡ್ಡನ್ನು ಸೊಂಟಕ್ಕೆ ಕಟ್ಟಿಕೊಂಡು, ಎತ್ತಿನ ಗಾಡಿಯಲ್ಲಿ ನನ್ನನ್ನೂ ಟ್ರಂಕನ್ನೂ ಕೂರಿಸಿಕೊಂಡು ಹೊರಟ. ನಾನು ಹಾಸ್ಟೆಲ್ಲಿನಲ್ಲಿ ಮಂಚ ನೋಡಿಕೊಂಡು ಬರುವಷ್ಟರಲ್ಲಿ ಆಫೀಸಿನ ಕೆಲಸ ಮುಗಿಸಿದ್ದ.

"ಫೀಸು ಕಟ್ಟಾಯ್ತಾ?"

"ಸ್ವಲ್ಪ ಕಟ್ಟಿವ್ನಿ. ಮಿಕ್ಕದ್ದ ಕಂತಲ್ಲಿ ಕಟ್ತೀನಿ."

ಗೂಡಿಗೆ ಆ ಸಲ ಒಳ್ಳೆಯ ಬೆಲೆ ಬಂದಿತ್ತಲ್ಲ! ಆದರೆ ಅವನು ಆಗಲೇ ಎತ್ತುಗಳನ್ನು ನೊಗಕ್ಕೆ ಕಟ್ಟುತ್ತಿದ್ದ.

ಆ ಕಂತುಗಳ ಕಥೆ ಏನು ಹೇಳಲಿ? ಬೇರೆ ಹುಡುಗಿಯರ ಮನೆಯವರು ವರ್ಷಕ್ಕೊಂದು ಸಲ ಕಟ್ಟುತ್ತಿದ್ದರು. ನಮ್ಮ ಚಿಕ್ಕಪ್ಪ ವಾರಕ್ಕೊಂದು ಸಲ! ಹಣ ಕಟ್ಟುವಾಗ ವಿದ್ಯಾರ್ಥಿನಿಯೂ ಬಂದು ಪುಸ್ತಕದಲ್ಲಿ ಸಹಿ ಹಾಕಬೇಕೆಂಬ ನಿಯಮವಿತ್ತು. ನಾನು ವಾರ್ಡಿನಲ್ಲಿ ಯಾರಿಗೋ ಬ್ಯಾಂಡೇಜು ಸುತ್ತುತ್ತಿರುವಾಗ ಆಯಾ ಬಂದು "ನಿಮ್ಮ ಕಂತು ಬಂದದೆ" ಎಂದು ಕೂಗುತ್ತಿದ್ದಳು. ರೋಗಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ಹೋದರೆ, ಆಫೀಸಿನ ಕಿಟಕಿಯ ಬಳಿ ಚಿಕ್ಕಪ್ಪ ಮಡಿಸಿದ ಎರಡು ನೋಟು ಹಿಡಿದು ನಗುತ್ತಾ ನಿಂತಿರುತ್ತಿದ್ದ. ಗೇಟಿನಲ್ಲಿ ಎತ್ತುಗಳು ಶಾಲೆಯ ಹೂಗಿಡಗಳನ್ನು ಶ್ರದ್ಧೆಯಿಂದ ಮೇಯುತ್ತಿದ್ದವು. ಒಂದು ಸಲವಂತೂ ವರಾಂಡದಲ್ಲೇ ಅಂಗಿಯ ತೋಳು ಮಡಿಸಿ, "ಸೂಜಿ ಚುಚ್ಚಾದ ಕಲಿಸಿದ್ರಾ? ನನ್ನ ತೋಳ್ಗ ಚುಚ್ಚು ಮಗಾ, ಪಾಪ ರೋಗಿಗಳ್ಗ ಯಾಕ ನೋವು?" ಎಂದು ನಿಂತುಬಿಟ್ಟ!

ಮೂರನೆಯ ತಿಂಗಳು ನೋಟೀಸ್ ಬೋರ್ಡಿನಲ್ಲಿ ಫೀಸು ಬಾಕಿ ಇರುವವರ ಪಟ್ಟಿ ಬಂತು. ಪಟ್ಟಿ ಎಂದರೆ ಒಂದೇ ಹೆಸರು. ನನ್ನದು. ಹುಡುಗಿಯರು ನನ್ನನ್ನು 'ಕಂತಮ್ಮ' ಎನ್ನತೊಡಗಿದರು.

ನನ್ನ ಕೋಣೆಯಲ್ಲಿದ್ದವಳು ಮೈಸೂರಿನ ವಿಮಲಾ. ಇಸ್ತ್ರಿ ಹಾಕಿದ ಲಂಗ, ಇಸ್ತ್ರಿ ಹಾಕಿದ ಮಾತು. ಒಂದು ದಿನ ಕಿಟಕಿಯಿಂದ ನೋಡಿ, "ಪ್ರತಿ ವಾರ ಬರ್ತಾರಲ್ಲ, ಅವರು ಯಾರೇ?" ಎಂದಳು. ಚಿಕ್ಕಪ್ಪ ಕೆಳಗೆ ಪಂಚೆ ಎತ್ತಿಕಟ್ಟಿ ಎತ್ತಿನ ಮೈ ಒರೆಸುತ್ತಿದ್ದ.

"ನಮ್ಮ ಮನೆ ಗಾಡಿಯವನು" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಅವನು ತಲೆ ಎತ್ತಿ ನೋಡಿದ. ನಮ್ಮ ಕೋಣೆ ಇದ್ದದ್ದು ಮೊದಲನೆಯ ಮಹಡಿಯಲ್ಲಿ, ನನ್ನ ದನಿಯೋ ಸಣ್ಣದಲ್ಲ. ಆದರೆ ಅವನು ನಕ್ಕು ಕೈ ಬೀಸಿದ. ಕೇಳಿಸಿರಲಾರದು ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ವಾರ ಗೇಟಿನ ಹತ್ತಿರ ಅವನನ್ನು ನಿಲ್ಲಿಸಿ, ಹೊಸದಾಗಿ ಕಲಿತಿದ್ದ ಪೇಟೆ ಕನ್ನಡದಲ್ಲಿ ಬೈದೆ. "ಹೀಗೆ ಪದೇ ಪದೇ ಬರಬೇಡ. ಕಟ್ಟುವುದಾದರೆ ಪೂರ್ತಿ ಕಟ್ಟು. ಈ ಗಾಡಿ ನೋಡಿದರೆ ನನಗೆ ತಲೆ ಎತ್ತೋಕಾಗಲ್ಲ."

ಮೈಸೂರಿನ ಡಾಕ್ಟರಿಗೇ ಹೆದರದೆ ನರಳಿದ್ದ ಬಾಯಿ ಅದು. ಅವತ್ತು ಕೈಯಲ್ಲಿದ್ದ ನೋಟುಗಳನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, "ಆಯ್ತು ಕಣವ್ವ" ಎಂದು ಗಾಡಿ ಹತ್ತಿದ.

ಆಮೇಲೆ ಅವನು ನನ್ನ ಕಣ್ಣಿಗೆ ಬೀಳಲಿಲ್ಲ. ಪಟ್ಟಿಯಿಂದ ನನ್ನ ಹೆಸರೂ ಹೋಯಿತು. ಮೊದಲ ತಿಂಗಳು ಹಾಯೆನಿಸಿತು. ಎರಡನೆಯ ತಿಂಗಳು, ಭೇಟಿಯ ಭಾನುವಾರ, ಎಲ್ಲರ ಮನೆಯವರೂ ಬಂದರು. ನಾನು ಗೇಟಿನವರೆಗೆ ಸುಮ್ಮನೆ ನಾಲ್ಕು ಸಲ ನಡೆದೆ. ಹೂಗಿಡಗಳು ಸೊಂಪಾಗಿ ಚಿಗುರಿದ್ದವು.

ಮರುದಿನ ಆಫೀಸಿಗೆ ಹೋಗಿ ಗುಮಾಸ್ತರನ್ನು ಕೇಳಿದೆ. "ನಮ್ಮ ಚಿಕ್ಕಪ್ಪ ಬಾಕಿ ಯಾವಾಗ ಕಟ್ಟಿದರು? ನನ್ನನ್ನು ಸಹಿಗೆ ಕರೆಯಲಿಲ್ಲ?"

"ಎರಡು ತಿಂಗಳಾಗ್ತಾ ಬಂತು. ಮಗು ಕೆಲಸದಲ್ಲಿದೆ, ಕರೆಯಬೇಡಿ ಅಂದರು" ಎಂದ ಅವರು ಕನ್ನಡಕ ಕೆಳಗಿಳಿಸಿದರು. "ಅಲ್ಲಮ್ಮ, ಸೇರಿಸಿದ ದಿನವೇ ಪೂರ್ತಿ ದುಡ್ಡು ಈ ಮೇಜಿನ ಮೇಲಿಟ್ಟಿದ್ದರು. ರಸೀದಿ ಬರೆಯೋಕೆ ಕೂತೆ. ಅಷ್ಟರಲ್ಲಿ, ಮಗುವನ್ನ ಯಾವಾಗ ನೋಡಬಹುದು ಅಂದರು. ತಿಂಗಳಿಗೊಂದು ಭಾನುವಾರ ಅಂದೆ. ಮತ್ತೆ ಫೀಸು ಕಟ್ಟೋರು? ಅಂದರು. ಅವರು ಯಾವ ದಿನವಾದರೂ ಬರಬಹುದು ಅಂದೆ. ಒಂದೆರಡು ನೋಟು ಬಿಟ್ಟು ಮಿಕ್ಕಿದ್ದನ್ನೆಲ್ಲ ಮತ್ತೆ ಸೊಂಟಕ್ಕೆ ಕಟ್ಟಿಕೊಂಡುಬಿಟ್ಟರು."

ಗುಮಾಸ್ತರು ನಗುತ್ತಿದ್ದರು. ನನಗೆ ನಿಂತ ನೆಲ ಬಿರಿದು ನುಂಗಬಾರದೇ ಎನಿಸಿತು.

ಈಗ ಅವನನ್ನು ಕರೆಸುವುದು ಹೇಗೆ? ಬಾ ಎಂದು ಬರೆಯಲು ಯಾವ ಮುಖ? ಶಾಲೆಯಲ್ಲಿ ಇನ್ನೊಂದು ನಿಯಮವಿತ್ತು: ಸಾಮಾನು ಒಡೆದರೆ ಪೋಷಕರೇ ಬಂದು ದಂಡ ಕಟ್ಟಬೇಕು. ಸಂಜೆ ವಾರ್ಡಿನಲ್ಲಿ ಒಂದು ಥರ್ಮಾಮೀಟರನ್ನು ಕೈಗೆತ್ತಿಕೊಂಡು, ಯಾರೂ ನೋಡದಾಗ, ನೆಲಕ್ಕೆ ಬಿಟ್ಟೆ. ಕೈಜಾರಿತು ಎಂದು ಸಿಸ್ಟರ್‌ಗೆ ಹೇಳಿದೆ. ಚಿಕ್ಕಪ್ಪನ ಹೊಟ್ಟೆನೋವನ್ನು ಎರಡೇ ನಿಮಿಷದಲ್ಲಿ ಹಿಡಿದಿದ್ದ ಅದೇ ಸಿಸ್ಟರ್! ನನ್ನ ಮುಖವನ್ನೇ ನೋಡಿ, "ಒಂದೇ ಜಾರಿತಾ?" ಎಂದು ಕೇಳಿ, ಊರಿಗೆ ಕಾರ್ಡು ಬರೆಸಿದರು.

ನಾಲ್ಕನೆಯ ದಿನ ಬಂದ. ಒಗೆದ ಪಂಚೆ, ತಲೆಗೆ ಎಣ್ಣೆ, ಮೈತುಂಬ ಬೆವರು. ಗೇಟಿನಲ್ಲಿ ಗಾಡಿ ಕಾಣಲಿಲ್ಲ.

"ಗಾಡಿ ಎಲ್ಲಿ?"

"ಅದ ದೂರದಲ್ಲಿ ಬುಟ್ಟಿವ್ನಿ, ಸಂತೆಮಾಳ್ದಲ್ಲಿ. ಯಾರ್ಗೂ ಕಾಣದು, ಎದ್ರುಕೊಬ್ಯಾಡ" ಎಂದು ಪಿಸುಗುಟ್ಟಿದ. ಆಮೇಲೆ ಕಿಟಕಿಗೆ ಮುಖವಿಟ್ಟು ಗುಮಾಸ್ತರನ್ನು ಬಹಳ ವಿನಯದಿಂದ ಕೇಳಿದ, "ಸಾ, ಈ ದಂಡವ ಕಂತಲ್ಲಿ ಕಟ್ಟಬೌದಾ?"

ಅಷ್ಟರಲ್ಲಿ ವಿಮಲಾ ಇನ್ನಿಬ್ಬರ ಜೊತೆ ವರಾಂಡಕ್ಕೆ ಬಂದಳು. "ಓ, ನಿಮ್ಮ ಗಾಡಿಯವರು ಬಂದಿದ್ದಾರೆ!"

"ಗಾಡಿಯವರಲ್ಲ ವಿಮಲಾ. ಇವರು ನಮ್ಮ ಚಿಕ್ಕಪ್ಪ. ನನ್ನನ್ನ ಸಾಕಿದವರು. ಅವತ್ತು ನಾನು ಸುಳ್ಳು ಹೇಳಿದೆ."

ಚಿಕ್ಕಪ್ಪ ಗಾಬರಿಯಾಗಿ ಎರಡೂ ಕೈ ಆಡಿಸಿದ. "ಇಲ್ಲ ಇಲ್ಲ ಕಣ್ರವ್ವ, ನಾ ಗಾಡಿಯಂವನೇಯ! ಚಿಕ್ಕ ವಯಸ್ಸಿಂದ ಎತ್ತಾಡ್ಸಿವ್ನಲ್ಲ, ಅದ್ಕ ಚಿಕ್ಕಪ್ಪ ಅಂತದ ಮಗ. ಅದು ಸುಳ್ಳು ಏಳೋ ಮಗ ಅಲ್ಲ!"

ಅಂದರೆ ಅವತ್ತು ಅವನಿಗೆ ಕೇಳಿಸಿತ್ತು. ಕೇಳಿಸಿಕೊಂಡೇ ನಕ್ಕು ಕೈ ಬೀಸಿದ್ದ. ಈಗ ನಾನು ನಿಜ ಹೇಳಿದರೂ, ನನ್ನ ಮರ್ಯಾದೆ ಉಳಿಸಲು ತಾನೇ ಸುಳ್ಳಿಗೆ ನಿಂತಿದ್ದ.

ನಾನು ಅವನ ಮೊಣಕೈ ಹಿಡಿದುಕೊಂಡು ಗೇಟು ದಾಟಿದೆ. ಸಿಸ್ಟರ್ ಕಂಡರೂ ಕಾಣದವರಂತೆ ಒಳಗೆ ಹೋದರು. ಸಂತೆಮಾಳದಲ್ಲಿ ಎತ್ತುಗಳು ನನ್ನ ಬಿಳಿ ಸೀರೆ ನೋಡಿ ಬೆಚ್ಚಿದವು. ಗಾಡಿ ಹತ್ತಿ ಮುಂದೆ, ಮೂಕಿಯ ಹತ್ತಿರ, ಅವನ ಪಕ್ಕದಲ್ಲೇ ಕೂತೆ.

"ಎಲ್ಗವ್ವ?"

"ಇಸ್ಕೂಲ್ ಗೇಟ್ ಮುಂದಕ್ಕ."

"ಬ್ಯಾಡ ಕಣವ್ವ, ಎಲ್ಲಾ ನೋಡ್ತಾರ."

"ನೋಡ್ಲಿ. ಗಾಡಿಯ ಮೆತ್ತಗ ಒಡಿ ಚಿಕ್ಕಪ್ಪ."