ಗೆಳೆಯರ ವೆಬ್‌ಸೈಟಿಗೆ ತೇಪೆ

ರಿಟೈರ್ ಆದ ಮೇಲೆ ಮನುಷ್ಯನ ಬಾಳಿನಲ್ಲಿ ಏನೂ ನಡೆಯುವುದಿಲ್ಲ ಎನ್ನುತ್ತಾರೆ. ಶುದ್ಧ ಸುಳ್ಳು. ನನಗೆ ನಡೆಯುವುದೆಲ್ಲ ಈಗಲೇ ನಡೆಯುತ್ತಿದೆ, ಅದೂ ಯಲಹಂಕದ ನಮ್ಮ ಎರಡು ಬೀದಿಗಳೊಳಗೇ. ಯಶವಂತಪುರದ ಒಂದು ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡು ಬಂದವನು ನಾನು. ನಗು ಬೇಗ ಬರುತ್ತದೆ. ಬರಬಾರದ ಕಡೆಯೂ ಬರುತ್ತದೆ. ಈ ವರ್ಷವಂತೂ ಹೆಚ್ಚಾಗಿ ಅಂಥ ಕಡೆಯೇ ಬಂತು.

ಪಕ್ಕದ ಬೀದಿಯ ನನ್ನ ಗೆಳೆಯರು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದವರು. ನಮ್ಮ ಬಡಾವಣೆ ಸಂಘಕ್ಕೆ ಒಂದು ವೆಬ್‌ಸೈಟ್ ಕಟ್ಟಿದ್ದರು, ತಾವೇ ಕೂತು ಪಿಎಚ್‌ಪಿ ಕಲಿತು. ಪಿಎಚ್‌ಪಿ ಅಂದರೆ ಎಲ್ಲೋ ದೂರದ ಸರ್ವರಿನ ಅಡುಗೆಮನೆಯಲ್ಲಿ ಕೂತು, ನೀವು ಕೇಳಿದ ಪುಟವನ್ನು ಆಗಿಂದಾಗ ಮಾಡಿ ಬಡಿಸುವ ಭಾಷೆ ಅಂದುಕೊಳ್ಳಿ. ಕಾವೇರಿ ನೀರು ಯಾವತ್ತು, ಕರೆಂಟ್ ಹೋಗೋದು ಯಾವಾಗ, ದೂರು ಬರೆಯೋದು ಎಲ್ಲಿ, ಎಲ್ಲ ಅದರಲ್ಲಿತ್ತು. ಜೊತೆಗೆ ಮೇಷ್ಟ್ರದೇ ಒಂದು ಚಟ: ದಿನಾ ಬೆಳಗಿನ ಐದೂವರೆಗೆ ಸದಸ್ಯರ ಫೋನಿಗೆಲ್ಲ ತಮ್ಮ ಹೆಸರಿನಲ್ಲಿ ಒಂದು ಮೇಲ್. ಅದರಲ್ಲಿ ಬೇರೇನೂ ಇಲ್ಲ, ‘ಕಾಫಿ ಆಯ್ತಾ?’ ಅಷ್ಟೇ.

ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಮೇಲ್ ಮಾತ್ರ ನಿಲ್ಲಲಿಲ್ಲ.

ಮರುದಿನದ ಉತ್ತರ

ಹೆಬ್ಬಾಳದ ಚಿತಾಗಾರದಲ್ಲಿ ಎಲ್ಲ ಮುಗಿಸಿ ಬಂದ ಮರುದಿನ, ಇನ್ನೂ ಬೆಳಕು ಹರಿದಿಲ್ಲ, ಯಾರೋ ನಮ್ಮ ಗೇಟು ಅಲ್ಲಾಡಿಸಿದರು. ನೋಡಿದರೆ ನಮ್ಮ ಜೊತೆ ವಾಕಿಂಗ್ ಬರುವ ಫೈರ್ ಸರ್ವೀಸಿನವರು. ಬೆಂಕಿಗೇ ಹೆದರದ ಆಸಾಮಿ, ಗಡಗಡ ನಡುಗುತ್ತಿದ್ದರು.

“ಸಾರ್, ಇದೇನ್ ಸಾರ್ ಇದು?” ಅಂತ ಫೋನ್ ಮುಂದೆ ಹಿಡಿದರು. ಮೇಷ್ಟ್ರ ಹೆಸರು. ಕಾಫಿ ಆಯ್ತಾ?

ನಾನು ಹೇಳಿದೆ: “ಅದು ತಾನಾಗೇ ಬರೋದು ಕಣ್ರೀ. ಸರ್ವರಿಗೆ ಒಂದ್ಸಲ ಹೇಳಿಟ್ರೆ ಅದರ ಪಾಡಿಗೆ ಅದು ಕಳಿಸ್ತಾ ಇರುತ್ತೆ. ಹೆದರ್ಕೋಬೇಡಿ.”

ಅವರು ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೇ ಕೂತರು. “ಅಯ್ಯೋ, ನಿದ್ದೆಗಣ್ಣಲ್ಲಿ ನಾನು ‘ಇನ್ನೂ ಇಲ್ಲ, ಬನ್ನಿ’ ಅಂತ ಉತ್ತರ ಬೇರೆ ಬರೆದುಬಿಟ್ನಲ್ರೀ!”

ನೀರಿನ ಪುಟ

ಆಮೇಲೆ ಒಬ್ಬೊಬ್ಬರೇ ಬಂದು ನನ್ನ ಹತ್ತಿರ ಹೇಳಿದರು, “ನಮ್ಮ ಹೆಸರು ತೆಗೆದುಬಿಡಿ ಸಾರ್, ಬೆಳಿಗ್ಗೆ ಬೆಳಿಗ್ಗೆ ಒಂಥರಾ ಆಗುತ್ತೆ.” ತೆಗೆದೆ. ಕೊನೆಗೆ ಆ ಮೇಲ್ ಬರುತ್ತಿದ್ದದ್ದು ಇಬ್ಬರಿಗೆ, ಮೇಷ್ಟ್ರ ಹೆಂಡತಿಗೆ ಮತ್ತು ನನಗೆ.

ಅಷ್ಟರಲ್ಲಿ ಕಳ್ಳರು ನುಗ್ಗಿದರು. ಮನೆಗಲ್ಲ, ವೆಬ್‌ಸೈಟಿಗೆ. ನಮ್ಮ ಎದುರುಮನೆ ಅಜ್ಜಿ ನೀರು ಯಾವತ್ತು ಬರುತ್ತೆ ನೋಡೋಣ ಅಂತ ಒತ್ತಿದರೆ ಜೂಜಿನ ಚಕ್ರ ಗಿರಗಿರ ತಿರುಗಿ, ‘ನಿಮ್ಮ ಅದೃಷ್ಟ ಪರೀಕ್ಷಿಸಿ’ ಅಂತ ಬಂತಂತೆ. ಸರ್ವರ್ ಕಂಪನಿಯವರ ಎಚ್ಚರಿಕೆಯೂ ಬಂತು: ನಿಮ್ಮ ಪಿಎಚ್‌ಪಿ ಹಳೇದು, ತೂತು ಬಿದ್ದಿದೆ, ಈ ತಿಂಗಳೊಳಗೆ ಹೊಸದು ಹಾಕಿ ತೇಪೆ ಹಚ್ಚದಿದ್ದರೆ ಸೈಟ್ ಮುಚ್ಚುತ್ತೇವೆ.

ಅಜ್ಜಿಯ ಹತ್ತಿರ ಹೋಗಿ, “ಕ್ಷಮಿಸಿ ಅಮ್ಮ, ನೀರಿನ ಪುಟ ಕೆಟ್ಟುಹೋಗಿದೆ” ಅಂದೆ.

“ಕೆಟ್ಟಿದ್ಯಾ?” ಅಜ್ಜಿಗೆ ಆಶ್ಚರ್ಯ. “ನಾನು ಈಗ ಸರಿಯಾಯ್ತು ಅಂದ್ಕೊಂಡೆ ಕಣಪ್ಪ. ನಮ್ ಬೀದಿಗೆ ನೀರು ಬರೋದು ಅದೃಷ್ಟದ ಮೇಲೇ ಅಲ್ವಾ?”

ಕೆಟ್ಟ ಬೆಲ್ಲು

ಸಂಘದ ಅಧ್ಯಕ್ಷರಿಗೆ ತೂತಿನ ವಿಷಯ ಹೇಳಿದೆ. “ಎಲ್ಲಿದೆ, ತೋರ್ಸಿ” ಅಂದರು. ಕಣ್ಣಿಗೆ ಕಾಣಲ್ಲ ಅಂದೆ. “ಕಾಣೋ ತೂತು ಟ್ಯಾಂಕಲ್ಲಿ ಒಂದಿದೆ, ಅದನ್ನೇ ಮುಚ್ಚಕ್ಕಾಗಿಲ್ಲ. ಸೈಟ್ ಬಂದ್ ಮಾಡಿ ಗುರುಗಳೇ, ವಾಟ್ಸಾಪ್ ಇದ್ಯಲ್ಲ.”

ಸರಿ, ಮೇಷ್ಟ್ರ ಹೆಂಡತಿಗೆ ಒಂದು ಮಾತು ತಿಳಿಸಿಬಿಡೋಣ ಅಂತ ಹೋದೆ. ಅತ್ತಿಗೆ ಅಂತಲೇ ನಾನು ಕರೆಯೋದು. ಹುರುಳಿಕಾಯಿ ಸೋಸುತ್ತಾ ಕೂತಿದ್ದರು. ಎಲ್ಲ ಕೇಳಿಸಿಕೊಂಡು, ತಲೆಯೆತ್ತದೆ, “ಹಾಗಾದ್ರೆ ಬೆಳಿಗ್ಗೆ ಇವರದ್ದು ಬರಲ್ವಾ?” ಅಂದರು.

“ಬೇಕಾದ್ರೆ ನಾನೇ ದಿನಾ ಕಳಿಸ್ತೀನಿ ಅತ್ತಿಗೆ.”

“ನೀವು ಕಳಿಸಿದ್ರೆ ನೀವು ಕಳಿಸಿದ ಹಾಗಾಯ್ತು, ಇವ್ರೇ” ಅಂತ ಮತ್ತೆ ಕಾಯಿ ಮುರಿದರು.

“ಬರುತ್ತೆ ಬಿಡಿ. ತೇಪೆ ಹಾಕ್ತೀನಿ” ಅಂದುಬಿಟ್ಟೆ. ಹಾಕಬಹುದೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಹಳೇ ಪಿಎಚ್‌ಪಿಗೆ ಬರೆದದ್ದು ಹೊಸದರಲ್ಲಿ ಸಲೀಸಾಗಿ ಓಡುವುದಿಲ್ಲ. ಮೇಷ್ಟ್ರು ಬರೆದದ್ದನ್ನು ಸಾಲು ಸಾಲಾಗಿ ಓದುತ್ತಾ ಹೋದೆ. ದೂರಿನ ಪೆಟ್ಟಿಗೆಯಲ್ಲಿ ಯಾರು ಏನು ಬರೆದರೂ ಪರೀಕ್ಷೆಯೇ ಇಲ್ಲದೆ ನೆಟ್ಟಗೆ ಒಳಕ್ಕೆ ಬಿಟ್ಟುಕೊಂಡಿದ್ದರು. ನಮ್ಮ ಬೀದಿಯವರು ಕೆಟ್ಟದ್ದು ಯಾಕೆ ಬರೀತಾರೆ ಅನ್ನುವ ಧೈರ್ಯ. ನಾನು ಒಂದೊಂದು ಸಾಲಿಗೂ ಅನುಮಾನ ತುಂಬುತ್ತಾ ಬಂದೆ: ಇವನು ಯಾರು, ಇದೇನು ಬರೆದಿದ್ದಾನೆ, ಒಳಗೆ ಬಿಡಬಹುದಾ. ಮೇಷ್ಟ್ರ ಭಾಷೆಯಲ್ಲೇ ಮೇಷ್ಟ್ರಿಗಿಲ್ಲದ ಗುಣ ಬರೆಯುವುದೆಂದರೆ, ಏನು ಹೇಳಲಿ, ಕಣ್ಣು ಮಂಜಾಗುತ್ತಿತ್ತು.

ಅವರ ಮನೆಯೂ ಹಾಗೇ ಇತ್ತಲ್ಲ! ಬಾಗಿಲು ಸದಾ ಹಾರು ಹೊಡೆದಿರುತ್ತಿತ್ತು. ಒಂದು ದಿನ ನಾನು ಹೋದಾಗ ಸೋಫಾದಲ್ಲಿ ಯಾರೋ ಒಬ್ಬ ಅಪರಿಚಿತ ಉಪ್ಪಿಟ್ಟು ತಿನ್ನುತ್ತಿದ್ದ. “ಯಾರು ಸ್ವಾಮಿ ಅವರು?” ಅಂತ ಪಿಸುಗುಟ್ಟಿದೆ. “ತಿಂದಾದ ಮೇಲೆ ಕೇಳೋಣ ಅಂತಿದ್ದೆ” ಅಂದರು. “ಬಾಗಿಲು ಹಾಕ್ಕೋಬಾರ್ದಾ?” ಅಂದದ್ದಕ್ಕೆ ನನ್ನನ್ನೇ ದಡ್ಡನ ಹಾಗೆ ನೋಡಿದರು: “ಹಾಕಿದ್ರೆ ಬಂದವರು ಬೆಲ್ ಒತ್ತಬೇಕು ಕಣ್ರೀ. ಬೆಲ್ ಕೆಟ್ಟಿದೆ.”

ಇವರ ಲೋಟ

ಗಡುವು ಮುಗಿಯುವ ಮೊದಲೇ ಹೊಸ ಪಿಎಚ್‌ಪಿ ಹಾಕಿದೆ. ಜೂಜಿನ ಚಕ್ರ ಓಡಿಹೋಯಿತು, ನೀರಿನ ಪುಟ ಬಂತು. ಕುಣಿದಾಡುವುದೊಂದು ಬಾಕಿ.

ಮರುದಿನ ಐದೂವರೆಗೆ ಎದ್ದು ಫೋನ್ ಹಿಡಿದು ಕೂತೆ. ಮೇಲ್ ಇಲ್ಲ. ಆರಾಯಿತು, ಇಲ್ಲ. ಎಲ್ಲ ಮತ್ತೆ ಮತ್ತೆ ನೋಡಿದೆ, ತಪ್ಪು ಎಲ್ಲಿದೆ ಅಂತ ಹೊಳೆಯಲಿಲ್ಲ. ಅತ್ತಿಗೆ ಆ ಹೊತ್ತಿಗೆ ಫೋನ್ ನೋಡಿರುತ್ತಾರೆ ಅಂತ ನೆನೆದು ತಿಂಡಿ ಅರ್ಧಕ್ಕೇ ಬಿಟ್ಟೆ. ಕೊನೆಗೆ, ಹೋಗಿ ಕೈಮುಗಿದು ಹೇಳಿಬಿಡೋಣ ಅಂತ ಹೊರಟೆ.

ಅವರ ಜಗಲಿಗೆ ಕಾಲಿಟ್ಟಿದ್ದೇನೆ, ನನ್ನ ಜೇಬಿನಲ್ಲಿ ಟಿಣ್ ಅಂತು. ಅಡುಗೆಮನೆಯಲ್ಲೂ ಟಿಣ್ ಅಂತು. ಗೋಡೆ ಗಡಿಯಾರ ಸರಿಯಾಗಿ ಹನ್ನೊಂದು. ಕಾಫಿ ಆಯ್ತಾ?

ಒಳಗಿನಿಂದ ಅತ್ತಿಗೆಯ ದನಿ, ಜೋರಾಗಿ: “ಇಲ್ಲ ಅಂದ್ರೆ ಇಲ್ಲ! ಸಕ್ಕರೆ ಕಾಯಿಲೆ ಇಟ್ಕೊಂಡು ಎರಡನೇ ಕಾಫಿ ಬೇರೆ ಕೇಡು!”

ಆಮೇಲೆ ಸೌಟು ಕೆಳಗಿಟ್ಟ ಸದ್ದು.

ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಬಂದರು. ನನಗೆ ಆಗ ಹೊಳೆಯಿತು. ಹೊಸ ಪಿಎಚ್‌ಪಿಗೆ ನಮ್ಮೂರಿನ ಗಡಿಯಾರ ಹೇಳಿಕೊಡೋದನ್ನೇ ಮರೆತಿದ್ದೆ. ಅದು ಇಂಗ್ಲೆಂಡಿನ ಕಡೆಯ ಹೊತ್ತು ನೋಡಿಕೊಂಡು, ಅಲ್ಲಿ ಐದೂವರೆಯಾದಾಗ ಕಳಿಸಿತ್ತು. “ಒಂದೇ ಸಾಲು ಅತ್ತಿಗೆ, ಈಗಲೇ ಸರಿಮಾಡ್ತೀನಿ.”

“ಬೇಡ, ಇರ್ಲಿ ಬಿಡಿ ಇವ್ರೇ. ಬೆಳಗಿನ ಐದೂವರೇದು ಊರಿಗೆಲ್ಲ ಕೇಳ್ತಿದ್ದದ್ದು. ಈ ಹೊತ್ತಿಗೆ ದಿನಾ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನೊಬ್ಬಳನ್ನೇ ಕೇಳೋರು. ಒಂದು ದಿನಾನೂ ಕೊಡ್ಲಿಲ್ಲ ನಾನು.”

ಒಳಗೆ ಹೋಗಿ ತಟ್ಟೆಯಲ್ಲಿ ಎರಡು ಲೋಟ ಕಾಫಿ ತಂದಿಟ್ಟರು. ನಾನು ಹತ್ತಿರದ ಲೋಟ ಎತ್ತಿ ಒಂದು ಗುಟುಕು ಕುಡಿದೆ. ಪಾಯಸ! “ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತೇನೋ ಅತ್ತಿಗೆ” ಅಂದೆ.

“ಅದು ಇವರದು ಕಣ್ರೀ, ಇಡಿ ಕೆಳಗೆ! ಕೈತುಂಬ ಹಾಕಿದೀನಿ. ಇನ್ನು ಯಾವ ಡಾಕ್ಟ್ರು ಬಂದು ಬೈತಾನೆ?”