ಬರೀ ಬೆಲ್ಟು ಎಂದು ಬರೆದದ್ದರ ಫಲ

ಶನಿವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಹಾಜರಿದ್ದವರು: ನಾನು, ಮಗಳು ವಸುಧಾ, ಮೆಕ್ಯಾನಿಕ್ ಏಳುಮಲೈ, ಮತ್ತು ಬಾನೆಟ್ ತೆರೆದುಕೊಂಡು ನಿಂತ ನಮ್ಮ ಹಳೆಯ ಕಾರು. ಹೀಗೆ ಹಾಜರಿ ಹಾಕದೆ ಮಾತು ಶುರುಮಾಡುವುದು ನನಗೆ ಆಗದು. ಗ್ಯಾಸ್ ಸಿಲಿಂಡರ್ ಬದಲಾದ ದಿನ, ನೀರಿನ ಫಿಲ್ಟರ್ ತೊಳೆದ ದಿನ, ಹಲ್ಲುಜ್ಜುವ ಬ್ರಷ್ಷು ಹೊಸದಾದ ದಿನ, ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿದೆ. ಹೆಂಡತಿ ಅದನ್ನು ಯಮಲೋಕದ ದಫ್ತರು ಎನ್ನುತ್ತಾಳೆ. ಎನ್ನಲಿ.

ಏಳುಮಲೈ ಬಂದದ್ದು ಎ.ಸಿ. ನೋಡಲು. ನೋಡುತ್ತಲೇ, "ಟೈಮಿಂಗ್ ಬೆಲ್ಟ್ ಎಪ್ಪೊ ಸಾರ್ ಮಾತ್ತಿನೀಂಗ?" ಎಂದು ತಮಿಳಿನಲ್ಲಿ ಕೇಳಿದ. ಯಾವಾಗ ಬದಲಾಯಿಸಿದಿರಿ ಎಂಬ ಪ್ರಶ್ನೆಗಾಗಿಯೇ ಕಾದಿದ್ದವನಂತೆ ನಾನು ನೋಟ್‌ಬುಕ್ ತೆರೆದೆ. 'ಬೆಲ್ಟ್ ಬದಲಾವಣೆ' ಎಂದು ಕೆಳಗೆರೆ ಎಳೆದು ಎರಡು ಕಡೆ ಬರೆದಿತ್ತು. ಅವನು ಬಗ್ಗಿ ಹೊರಗೆ ಕಾಣುವ ಬೆಲ್ಟನ್ನು ಮುಟ್ಟಿದ. "ನೀಂಗ ಮಾತ್ತಿನದು ಇದು ಸಾರ್, ಎ.ಸಿ. ಬೆಲ್ಟ್. ಅದು ಉಳ್ಳೆ ಇರುಕ್ಕು." ಒಳಗಿರುವ ಟೈಮಿಂಗ್ ಬೆಲ್ಟು ಕಾರು ಕೊಂಡಂದಿನಿಂದ ಹಾಗೇ ಇತ್ತು. ಅಡುಗೆಮನೆಯ ಕಿಟಕಿಯಿಂದ ಹೆಂಡತಿ, "ರೀ, ಯಾವ ಬೆಲ್ಟು ಅಂತ ಬರೀಬಾರದಾ? ನಾನು ಎಲ್ಲಾ ಡಬ್ಬದ ಮೇಲೂ ಬರೀ ಬೇಳೆ ಅಂತ ಬರೆದರೆ ಸುಮ್ನಿರ್ತಿದ್ರಾ?" ಎಂದಳು.

ಈ ಕಾರನ್ನು ದಿನವೂ ಶೋಳಿಂಗನಲ್ಲೂರಿನ ಆಫೀಸಿಗೆ ಓಡಿಸುವವಳು ವಸುಧಾ. "ಎಲ್ಲ ಪುಸ್ತಕದಲ್ಲಿದೆ, ಧೈರ್ಯವಾಗಿ ಹೋಗು" ಎಂದು ಅವಳನ್ನು ಕಳಿಸುತ್ತಿದ್ದವನು ನಾನು. ಮುಂದೊಂದು ಬಸ್ಸು, ಹಿಂದೊಂದು ಬಸ್ಸು, ನಡುವೆ ಇವಳ ಎಂಜಿನ್ ನಿಂತರೆ?

"ಚೈನ್ ಇದ್ದಿದ್ದರೆ ಈ ತಾಪತ್ರಯ ಇರ್ತಿರಲಿಲ್ಲ ಅಲ್ವಾ?" ಎಂದೆ. ನಾನು ಬಾಲ್ಯದಿಂದ ಚೈನಿನ ಪಕ್ಷ. ಭಾನುವಾರಕ್ಕೊಮ್ಮೆ ಸೈಕಲ್ ಚೈನಿಗೆ ಎಣ್ಣೆ ಬಿಟ್ಟು ಬೆಳೆದವನು. ಏಳುಮಲೈ ನಕ್ಕ. "ಚೈನ್ ಸತ್ತಂ ಪೋಡುಂ ಸಾರ್. ಬೆಲ್ಟ್ ಸೊಲ್ಲಾಮಲೇ ಪೋಯಿಡುಂ." ಚೈನು ಸದ್ದು ಮಾಡುತ್ತದೆ, ಬೆಲ್ಟು ಹೇಳದೆ ಕೇಳದೆ ಹೋಗಿಬಿಡುತ್ತದೆ. ಉಕ್ಕಿನ ಚೈನು ಎಂಜಿನ್ನಿನ ಎಣ್ಣೆಯಲ್ಲೇ ಮಿಂದು ಬಹುಕಾಲ ಬಾಳುತ್ತದೆ, ಸಡಿಲವಾದರೆ ಗೊಣಗುತ್ತದೆ. ರಬ್ಬರಿನ ಬೆಲ್ಟು ಎಣ್ಣೆ ಕೇಳದು, ಗೊಣಗದು. ಗಡುವು ನೆನಪಿಟ್ಟುಕೊಂಡು ನಾವೇ ಅದಕ್ಕೆ ನಿವೃತ್ತಿ ಕೊಡಬೇಕು. ಮರೆತರೆ ಒಂದು ದಿನ ಹರಿಯುತ್ತದೆ, ವಾಲ್ವು ಪಿಸ್ಟನ್ನು ಒಂದಕ್ಕೊಂದು ಬಡಿದುಕೊಂಡು ಎಂಜಿನ್ನೇ ಹಾಳಾಗುತ್ತದೆ.

ಮಧ್ಯಾಹ್ನ ಹಳೆಯ ಬೆಲ್ಟು ಹೊರಬಂತು. ಒಡೆದ ಹಿಮ್ಮಡಿಯಂತೆ ಮೈಯೆಲ್ಲ ಬಿರುಕು. ಆದರೆ ಒಳಬದಿಯ ಒಂದು ಹಲ್ಲೂ ಉದುರಿರಲಿಲ್ಲ. ಇಷ್ಟು ವರ್ಷ ಪ್ರತಿಯೊಂದು ವಾಲ್ವನ್ನೂ ಸರಿಯಾದ ಕ್ಷಣಕ್ಕೆ ತೆರೆದು ಮುಚ್ಚಿ, ನನ್ನ ಮಗಳನ್ನು ಮನೆ ಮುಟ್ಟಿಸಿದ ವಸ್ತು. ಸಮಯಪಾಲನೆಯಲ್ಲಿ ನನಗಿಂತ ಮೇಲಿನವರನ್ನು ನಾನು ಸುಲಭಕ್ಕೆ ಒಪ್ಪುವವನಲ್ಲ. ಅಂದು ಒಪ್ಪಿದೆ.

ಏಳುಮಲೈಯನ್ನೂ ಒಪ್ಪಿದೆ. ಹೊಸದನ್ನು ಕೂರಿಸಿ, ಬೆಲ್ಟು ಸುತ್ತುವ ಚಕ್ರಗಳ ಬಿಳಿ ಬಣ್ಣದ ಗುರುತುಗಳನ್ನು ಹೊಂದಿಸಿ, ಸ್ಟಾರ್ಟ್ ಮಾಡದೆ ಸ್ಪಾನರ್ ಹಿಡಿದು ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದ. ಎರಡೇ ಏಕೆಂದರೆ, ಕೆಳಗಿನ ಚಕ್ರ ಎರಡು ಸುತ್ತಿದರೆ ಮೇಲಿನದು ಒಂದು ಸುತ್ತಂತೆ. ಗುರುತುಗಳು ಮತ್ತೆ ಎದುರುಬದುರು ನಿಂತ ಮೇಲೆಯೇ ಕೀಲಿ ತಿರುಗಿಸಿದ. ಇವನು ನಮ್ಮ ಆಫೀಸಿನಲ್ಲಿ ಇರಬೇಕಿತ್ತು ಎನಿಸಿತು.

ಸಂಜೆ ಐದೂವರೆಗೆ ವಸುಧಾ, "ತಿರುವಾನ್ಮಿಯೂರ್ ತನಕ ಓಡಿಸಿ ನೋಡಿ ಆರಕ್ಕೆ ಬರ್ತೀನಿ ಪಾ. ನೀವು ಬರಬೇಡಿ, ಪಕ್ಕದಲ್ಲಿ ಕೂತು ಬ್ರೇಕ್ ಒತ್ತುತೀರ" ಎಂದು ಒಬ್ಬಳೇ ಹೊರಟಳು. ಬಂದದ್ದು ಆರೂ ಕಾಲಿಗೆ.

"ಒಂದು ಸದ್ದಿಲ್ಲ ಪಾ, ಸೂಪರ್!"

"ಹದಿನೈದು ನಿಮಿಷ ತಡ. ನಾನಂತೂ ಈಗ ತಾನೇ ಗೇಟಿನ ಹತ್ತಿರ ಬಂದೆ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯೋ ಪಾ, ಷರ್ಟ್ ಪೂರಾ ಗೇಟಿನ ತುಕ್ಕು! ಅಡ್ಡಪಟ್ಟಿ ಲೆಕ್ಕ ಮಾಡಬಹುದು."

ಆರೂವರೆಗೆ ಷರ್ಟನ್ನು ಸೋಪಿನ ನೀರಿನಲ್ಲಿ ನೆನೆಹಾಕಿದೆ.