ದಯವಿಟ್ಟು ಹೊರಡಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ, ಅಳಿಸಿಹಾಕಿದ ಎರಡು ಸಾಲು.

ಗ್ರಂಥಾಲಯದ ಸಹಾಯಕನನ್ನು ಓದುಗರೆಲ್ಲ ಮೆಲ್ಲಗಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ಎಲ್ಲರಿಗೂ ‘ಮೆಲ್ಲಗೆ, ಮೆಲ್ಲಗೆ’ ಎಂದು ಹೇಳಿ ಗಳಿಸಿದ ಹೆಸರು. ಸಂಜೆ ಐದೂವರೆಗೆ ಗ್ರಂಥಾಲಯ ಮುಚ್ಚುವ ಕೆಲಸ ಅವನದು. ಪೇಪರಿನ ಕೆಳಗೆ ನಿದ್ದೆ ಹೋದವರನ್ನು ಎಬ್ಬಿಸಿ, ಕನ್ನಡಕ ಹುಡುಕಿ ಕೊಟ್ಟು, ದೀಪಗಳನ್ನು ಒಂದೊಂದಾಗಿ ಆರಿಸಿ, ಬೀಗ ಹಾಕುವಷ್ಟರಲ್ಲಿ ಆರೂಕಾಲು ಆಗುತ್ತಿತ್ತು.

ಈ ಬುಧವಾರ ಮಾತ್ರ ಹಾಗಾಗುವಂತಿರಲಿಲ್ಲ. ಅಕ್ಕ ಬರುತ್ತಿದ್ದಳು. ಬರುವುದೆಂದರೆ ಇಷ್ಟೇ: ಐದೂವರೆಗೆ ಸ್ಟೇಷನ್ನಿನಲ್ಲಿ ಒಂದು ರೈಲು ಇಳಿದು, ಆರು ಇಪ್ಪತ್ತಕ್ಕೆ ಇನ್ನೊಂದು ಹತ್ತುವುದು. ಕೈಯಲ್ಲಿ ಫೋನು ಇಟ್ಟುಕೊಳ್ಳುವ ಹೆಂಗಸಲ್ಲ. ‘ಅವನಿಗೆ ಬರ್ಬೇಕು ಅನ್ನಿಸಿದ್ರೆ ಬರ್ಲಿ’ ಎಂದು ಚಿಕ್ಕಮ್ಮನ ಹತ್ತಿರ ಹೇಳಿಕಳಿಸಿದ್ದಳು.

ನಾಲ್ಕು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಕಾರಣ ನೆನೆದರೆ ಅವನಿಗೇ ನಾಚಿಕೆ. ನಲವತ್ತೈದು ದಾಟಿದ ಮೇಲೆ ಸಂಜೆ ಕ್ಲಾಸಿಗೆ ಸೇರಿ ಕಂಪ್ಯೂಟರ್ ಕಲಿಯುತ್ತೇನೆ ಎಂದಾಗ, ಅಕ್ಕ ನಾಲ್ಕು ಜನರ ಮುಂದೆ ನಕ್ಕಿದ್ದಳು. ಅವನು ಜಗಳ ಆಡಲಿಲ್ಲ, ಸುಮ್ಮನಾದ. ಸುಮ್ಮನಾದವನು ಹಾಗೇ ಇದ್ದುಬಿಟ್ಟ. ಅವಳು ನಕ್ಕಿದ್ದು ಅರ್ಧ ನಿಮಿಷ ಇರಬಹುದು. ಈಗ ಎದುರಿಗೆ ನಿಂತು ‘ತಪ್ಪಾಯ್ತಕ್ಕ’ ಎನ್ನುವುದಕ್ಕೆ ಐವತ್ತು ನಿಮಿಷ ಸಿಕ್ಕಿತ್ತು.

ಅದಕ್ಕೇ, ಈ ವರ್ಷ ಕೊನೆಗೂ ಸೇರಿದ್ದ ಆ ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಬಳಸಿ ಒಂದು ಪುಟ್ಟ ಪೆಟ್ಟಿಗೆ ತಯಾರು ಮಾಡಿದ್ದ. ಸಾಬೂನಿನ ಡಬ್ಬಿಯಷ್ಟು ದೊಡ್ಡದು. ಒಳಗೊಂದು ಮುಖ್ಯ ಪ್ರೋಗ್ರಾಂ. ಐದೂವರೆ ಆದ ಕೂಡಲೇ ಅದು ಮೂರು ಮರಿ ಪ್ರೋಗ್ರಾಂಗಳನ್ನು ಚಾಲೂ ಮಾಡಬೇಕು. ಮೊದಲನೆಯದು ‘ಓದುಗರೇ, ವೇಳೆಯಾಯಿತು, ದಯವಿಟ್ಟು ಹೊರಡಿ’ ಎಂದು ಅವನದೇ ದನಿಯಲ್ಲಿ, ನಿಮಿಷಕ್ಕೊಮ್ಮೆಯಂತೆ ಮೂವತ್ತು ಸಲ ಹೇಳುವುದು. ಜಗಲಿಯಲ್ಲಿ ಕೂತವರಿಗೂ ಕೇಳಲೆಂದು ಹೊರಗೂ ಒಂದು ಸ್ಪೀಕರ್. ಎರಡನೆಯದು ದೀಪ ಆರಿಸುವುದು. ಮೂರನೆಯದು ಬೀಗ ಹಾಕುವುದು. ಒಂದು ಮುಗಿಯುವ ತನಕ ಮುಂದಿನದನ್ನು ಎಬ್ಬಿಸಬೇಡ, ಕಾಯಿ, ಎಂದು ನಡುವೆ ಎರಡು ಸಾಲು ಬರೆದಿದ್ದ.

ಮಂಗಳವಾರ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿ ನಡೆಯಿತು. ಮೂವತ್ತೈದು ನಿಮಿಷ ಹಿಡಿಯಿತು. ಬೀಗ ಬಿದ್ದದ್ದನ್ನು ಕಣ್ಣಾರೆ ನೋಡದೆ ಮನೆಗೆ ಹೋಗುವ ಜೀವವಲ್ಲ ಅವನದು. ಐವತ್ತರಲ್ಲಿ ಮೂವತ್ತೈದು ಹೋದರೆ ಅಕ್ಕನಿಗೆ ಉಳಿಯುವುದೆಷ್ಟು? ಬುಧವಾರ ಮಧ್ಯಾಹ್ನ ಗಡಿಬಿಡಿಯಲ್ಲಿ ಆ ಎರಡು ‘ಕಾಯಿ’ ಸಾಲುಗಳನ್ನು ಅಳಿಸಿಬಿಟ್ಟ. ಮೂರೂ ಒಟ್ಟಿಗೆ ಹೊರಟರೆ ಬೇಗ ಮುಗಿಯುತ್ತದಲ್ಲ ಎಂದುಕೊಂಡ. ಒಳಗೆ ಜನ ಇರುತ್ತಾರೆಂಬುದು ಆ ಹೊತ್ತಿಗೆ ತಲೆಯಲ್ಲೇ ಇರಲಿಲ್ಲ. ತಲೆ ಆಗಲೇ ಸ್ಟೇಷನ್ನಿನಲ್ಲಿತ್ತು.

ಐದೂವರೆ. ಮೂರೂ ಒಟ್ಟಿಗೆ ಎದ್ದವು. ಬೀಗದ್ದು ಎಲ್ಲಕ್ಕಿಂತ ಚಿಕ್ಕ ಪ್ರೋಗ್ರಾಂ. ಖಟ್ ಎಂದಿತು. ಇದ್ದ ಒಂದೇ ಬಾಗಿಲು ಮುಚ್ಚಿತು. ದೀಪ ಆರಿತು. ಕತ್ತಲಲ್ಲಿ ಅವನ ದನಿ ವಿನಯವಾಗಿ, ‘ದಯವಿಟ್ಟು ಹೊರಡಿ’ ಎಂದಿತು.

“ಹೊರಡೋಣ ಅಂತಲೇ ಇದ್ದೀನಿ ಮೆಲ್ಲಗಪ್ಪ. ಯಾವ ಕಡೆಯಿಂದ?” ಎಂದರು ಮೂಲೆಯಲ್ಲಿ ಪದಬಂಧ ತುಂಬುತ್ತಿದ್ದ ಅಜ್ಜಿ.

“ಒಂದೇ ನಿಮಿಷ ಅಜ್ಜಿ, ತೆಗೀತೀನಿ.”

ತೆಗೆಯಲು ನಾಲ್ಕನೆಯದೊಂದು ಪ್ರೋಗ್ರಾಂ ಚಾಲೂ ಆಗಬೇಕು. ಪೆಟ್ಟಿಗೆಗೋ ಒಂದು ಸಲಕ್ಕೆ ಮೂರು ಮರಿಗಿಂತ ಹೆಚ್ಚು ಸಾಕುವ ಶಕ್ತಿಯಿಲ್ಲ. ದೀಪದ್ದು ದೀಪ ಹಿಡಿದು ಕೂತಿತ್ತು, ಬೀಗದ್ದು ಬೀಗ ಹಿಡಿದು ಕೂತಿತ್ತು, ಇನ್ನೊಂದು ಉಪದೇಶ ಮಾಡುತ್ತಿತ್ತು. ಗುಂಡಿ ಒತ್ತಿದಾಗಲೆಲ್ಲ ಪುಟ್ಟ ಪರದೆಯ ಮೇಲೆ ‘ಜಾಗವಿಲ್ಲ’ ಎಂದು ಬರುತ್ತಿತ್ತು, ತುಂಬಿದ ಬಸ್ಸಿನ ಕಂಡಕ್ಟರನ ಹಾಗೆ.

“ಒಂದನ್ನ ನಿಲ್ಲಿಸ್ರೀ ಮತ್ತೆ,” ಎಂದ ಪಕ್ಕದ ಮೇಜಿನ ಇನ್ಶೂರೆನ್ಸ್ ಏಜೆಂಟ್.

“ನಡುವೆ ನಿಲ್ಸೋದು ಮುಂದಿನ ವಾರದ ಪಾಠ.”

ಏಜೆಂಟ್ ಹೋಗಿ ಬಾಗಿಲು ಗುದ್ದತೊಡಗಿದ. ಕೈಲಾದವರೆಲ್ಲ ಜೊತೆಗೆ ಸೇರಿದರು. ಹಳೆಯ ಕಾಲದ ದಪ್ಪ ಬಾಗಿಲು, ಒಳಗಿನ ಮಾತು ಹೊರಗೆ ಕೇಳದು, ಹೊರಗಿನದು ಒಳಗೆ ಕೇಳದು. ಕಿಟಕಿಗಳಿಗೆಲ್ಲ ಕಂಬಿ, ಅವೂ ಪುಸ್ತಕದ ಕಪಾಟುಗಳ ಹಿಂದೆ. ಜೀವನದಲ್ಲಿ ಮೊದಲ ಸಲ ಮೆಲ್ಲಗಪ್ಪ ‘ಮೆಲ್ಲಗೆ’ ಎನ್ನಲಿಲ್ಲ. ತಾನೂ ನಾಲ್ಕು ಗುದ್ದಿದ. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದ. ಮೂವತ್ತು ಸಲ ಹೇಳಿ ಮುಗಿಯುವಾಗ ಆರು ಗಂಟೆ. ಆಗ ಜಾಗ ಸಿಗುತ್ತದೆ, ಬಾಗಿಲು ತೆರೆಯುತ್ತದೆ. ಸ್ಟೇಷನ್ನಿಗೆ ಏಳು ನಿಮಿಷ. ಇನ್ನೂ ಹದಿಮೂರು ನಿಮಿಷ ಉಳಿಯುತ್ತದೆ. ಒಂದು ತಪ್ಪಾಯ್ತಿಗೆ ಅಷ್ಟು ಸಾಕು.

“ಎಲ್ಲರೂ ಆರರ ತನಕ ಸುಮ್ನೆ ಕೂತ್ಕೊಳಿ,” ಎಂದ. “ಯಾರೂ ಏನೂ ಮುಟ್ಬೇಡಿ. ಕೈ ಮುಗೀತೀನಿ.”

ಎಲ್ಲರೂ ಕೂತರು, ದರ್ಜಿಯೊಬ್ಬನನ್ನು ಬಿಟ್ಟು. ದಿನಾ ಪೇಪರ್ ಓದಲು ಬರುವ ಆತನಿಗೆ ಯಾವ ಮಿಶನ್ನಾದರೂ ತನ್ನ ಹೊಲಿಗೆ ಮಿಶನ್ನಿನ ನೆಂಟನೇ. ಇಪ್ಪತ್ತನೆಯ ‘ದಯವಿಟ್ಟು ಹೊರಡಿ’ ಮುಗಿದಾಗ ಆತ ಮೆಲ್ಲನೆ ಹೋಗಿ ವಯರನ್ನೇ ಕಿತ್ತ.

ನಿಶ್ಶಬ್ದ.

“ನೋಡಿ, ಬಾಯಿ ಮುಚ್ಚಿಸ್ದೆ,” ಎಂದ ದರ್ಜಿ.

“ಬಾಗಿಲು ತೆಗೀತಾ?” ಅಜ್ಜಿ ಕೇಳಿದರು.

ತೆಗೆದಿರಲಿಲ್ಲ. ಕರೆಂಟು ಹೋದರೂ ಪುಸ್ತಕಗಳು ಭದ್ರವಾಗಿರಲೆಂದು ಅಂಥದೇ ಬೀಗ ಆರಿಸಿ ತಂದಿದ್ದ. ವಯರನ್ನು ಮತ್ತೆ ಸಿಕ್ಕಿಸದೆ ದಾರಿಯಿಲ್ಲ. ಸಿಕ್ಕಿಸಿದ. ಕರೆಂಟು ಹೋಗಿ ಬಂದರೆ ಕೆಲಸ ಅರ್ಧಕ್ಕೆ ನಿಲ್ಲಬಾರದು, ಮೊದಲಿನಿಂದ ನಡೆಯಬೇಕು ಎಂದು ತಾನೇ ಜಾಗ್ರತೆಯಾಗಿ ಬರೆದದ್ದು ಆಗ ನೆನಪಾಯಿತು. ಪೆಟ್ಟಿಗೆ ಗಡಿಯಾರ ನೋಡಿಕೊಂಡಿತು. ಐದೂವರೆ ದಾಟಿದೆ. ಮೂರೂ ಮರಿಗಳು ಮತ್ತೆ ಎದ್ದವು. ಮೂವತ್ತರಲ್ಲಿ ಮೊದಲನೆಯದು.

“ನಂಗೇನು ಗೊತ್ತು ಸ್ವಾಮಿ, ನನ್ನ ಮಿಶನ್ನು ಬಿಟ್ಟಲ್ಲಿಂದಲೇ ಹೊಲಿಯುತ್ತೆ,” ಎಂದ ದರ್ಜಿ.

ಮೆಲ್ಲಗಪ್ಪ ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತು ತನ್ನದೇ ದನಿ ಕೇಳಿದ.

ಆರೂ ಇಪ್ಪತ್ತೊಂದಕ್ಕೆ ಬಾಗಿಲು ತೆರೆಯಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಗೇಟಿನ ಹತ್ತಿರ ಸೈಕಲ್ ಸ್ಟ್ಯಾಂಡಿನವನು ಅಡ್ಡ ಬಂದ.

“ಯಾಕೆ ಓಡ್ತೀರಿ? ರೈಲು ಕೂಗಿ ಹೋಯ್ತು.”

“ಅಕ್ಕ ಕಾಯ್ತಿದ್ಲು, ಸ್ಟೇಷನ್ನಲ್ಲಿ.”

“ಸ್ಟೇಷನ್ನಲ್ಲೆಲ್ಲಿ? ಅವರು ಇಲ್ಲಿಗೇ ಬಂದಿದ್ರಲ್ಲ. ರೈಲು ಇಳಿದು ಸೀದಾ. ‘ನನ್ನ ತಮ್ಮ ಕೆಲಸ ಮಾಡೋ ಜಾಗ ನೋಡ್ಬೇಕು’ ಅಂದ್ರು. ಬಾಗಿಲು ತಟ್ಟಿದ್ರು. ನೀವು ಹೊರಡಿ ಅಂದ್ರಿ.”

“ಅದು ನಾನಲ್ಲ ಮಾರಾಯ, ಪೆಟ್ಟಿಗೆ.”

“ದನಿ ನಿಮ್ದೇ. ಅವರೂ ಗುರುತು ಹಿಡಿದ್ರು. ‘ಲೋ, ನಾನು ಕಣೋ’ ಅಂತ ಕೂಗಿದ್ರು. ನೀವು ಮತ್ತೆ ಹೊರಡಿ ಅಂದ್ರಿ. ಆಮೇಲೆ ಒಳಗಿಂದ ಬಾಗಿಲನ್ನ ಆ ರೀತಿ ಗುದ್ದೋದಾ? ಪಾಪ, ಹೆದರಿ ಎರಡು ಮೆಟ್ಟಿಲು ಕೆಳಗಿಳಿದ್ರು. ಆದ್ರೂ ಆರರ ತನಕ ಜಗಲೀಲೇ ನಿಂತಿದ್ರು. ನಡುವೆ ಒಂಚೂರು ಸುಮ್ಮನಾದ್ರಲ್ಲ, ಆಗ ‘ಈಗ ತೆಗೀತಾನೆ’ ಅಂತ ಸೆರಗು ಸರಿ ಮಾಡ್ಕೊಂಡ್ರು. ನೀವು ಮತ್ತೆ ಶುರು ಮಾಡಿದ್ರಿ.”

ಮೆಲ್ಲಗಪ್ಪ ಜಗಲಿಯ ಕಡೆ ತಿರುಗಿ ನೋಡಿದ.

“ಏನಾದ್ರೂ… ಏನಾದ್ರೂ ಹೇಳಿದ್ಲಾ?”

“ಬೈಯ್ಲಿಲ್ಲ,” ಎಂದ ಸ್ಟ್ಯಾಂಡಿನವನು. “‘ಇಷ್ಟು ಸಿಟ್ಟಲ್ಲೂ ದಯವಿಟ್ಟು ಅಂತಲೇ ಹೇಳ್ತಾನೆ ನೋಡಿ’ ಅಂತ ಹೇಳಿ, ಹೊರಟ್ರು.”